ಮಾತಿಲ್ಲದ ನಾಟಕಕ್ಕೆ ಒನ್ಸ್ ಮೋರ್

ಪೆಟ್ಟಿಗೆ ಕೊಳ್ಳಲು ಬರುವವರು ಮೊದಲು ಅಳತೆ ಹೇಳುತ್ತಾರೆ. ಉದ್ದ ಎಷ್ಟು, ಅಗಲ ಎಷ್ಟು, ಒಳಗೆ ಏನು ಇಡುತ್ತಾರೆ, ವಿಮಾನಕ್ಕೋ ಹಡಗಿಗೋ. ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ ನನ್ನ ಅಂಗಡಿ ಇದ್ದದ್ದೇ ಅಂಥವರಿಗಾಗಿ. ಯಂತ್ರದ ಬಿಡಿಭಾಗ, ಗಾಜಿನ ಸಾಮಾನು, ಒಮ್ಮೆ ಒಂದು ಪಿಯಾನೋ, ಏನೇ ಇರಲಿ, ಅದಕ್ಕೆ ತಕ್ಕ ಕಟ್ಟಿಗೆಯ ಪೆಟ್ಟಿಗೆ ಮಾಡಿ ವಿಮಾನ ನಿಲ್ದಾಣದ ಕಾರ್ಗೋ ಬಾಗಿಲಿಗೆ ಮುಟ್ಟಿಸುವುದು ನನ್ನ ಕೆಲಸ. ತೊಂಬತ್ತೆಂಟನೇ ಇಸವಿಯಲ್ಲಿ, ಹಿಮ ಕರಗುವ ಹೊತ್ತಿಗೆ ಬಂದ ಒಬ್ಬ ಮುದುಕರು ಮಾತ್ರ ಅಳತೆಯ ಮಾತೇ ಎತ್ತಲಿಲ್ಲ. ಒಳಗೆ ಬಂದವರು ಒಂದು ಪೆಟ್ಟಿಗೆಯ ಮೇಲೆ ಕುಳಿತರು. ಎದ್ದರು. ಇನ್ನೊಂದರ ಮೇಲೆ ಕುಳಿತರು. ಗಡಿಗೆ ಕೊಳ್ಳುವ ಹೆಂಗಸರ ಹಾಗೆ ಬೆರಳಿನಿಂದ ತಟ್ಟಿ ಕಿವಿಗೊಟ್ಟರು. ಬಸ್ಸು ತಪ್ಪಿಸಿಕೊಂಡ ಯಾರೋ ಅಜ್ಜ, ಸ್ವಲ್ಪ ಹೊತ್ತು ಬೆಚ್ಚಗೆ ಕೂತು ಹೋಗಲಿ ಎಂದು ನಾನು ನನ್ನ ಪಾಡಿಗೆ ಹಲಗೆ ಕೊಯ್ಯುತ್ತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಅವರು ಒಂದು ಪೆಟ್ಟಿಗೆಯನ್ನು ತೋರಿಸಿ, ಇದರ ದನಿ ಚೆನ್ನಾಗಿದೆ, ಇಂಥವು ಹನ್ನೆರಡು ಬೇಕು ಎಂದರು. ಒಳಗೆ ಏನು ಇಡುತ್ತೀರಿ ಎಂದು ಕೇಳಿದೆ. ಒಬ್ಬ ಮನುಷ್ಯನ ಜೀವಮಾನ ಎಂದರು. ನನಗೆ ಇಂಥ ಉತ್ತರ ಹಿಡಿಸುವುದಿಲ್ಲ. ತೂಕ ಎಷ್ಟು ಎಂದು ಕೇಳಿದೆ. ಅವರಿಗೆ ನಗು ಬಂತು. ನಾವಿಬ್ಬರೂ ಸ್ನೇಹಿತರಾದದ್ದು ಹೀಗೆ.

ಅವರು ಲಿಥುವೇನಿಯಾದವರು, ಅಲ್ಲಿ ದೊಡ್ಡ ನಾಟಕ ನಿರ್ದೇಶಕರಾಗಿದ್ದವರು, ಈಗ ಸ್ಕೋಕಿಯ ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ನಾಟಕ ಆಡಿಸುತ್ತಿರುವವರು ಎಂದು ತಿಳಿದ ಕೂಡಲೇ ನಾನೂ ಎದೆ ಸೆಟೆಸಿದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ನಿಜ. ಆದರೆ ಬಿಟ್ಟು ಸೇರಿದ್ದು ನಾಟಕದ ಕಂಪನಿಯನ್ನು. ಗದಗ, ಹುಬ್ಬಳ್ಳಿ, ಬಾಗಲಕೋಟೆ ಎಂದು ಊರೂರಿಗೆ ತಗಡಿನ ಥೇಟರು ಹೊತ್ತು ತಿರುಗುತ್ತಿದ್ದ ಕಂಪನಿ. ಮೊದಲು ಬೆಂಚು ಹಾಕಿದೆ, ಆಮೇಲೆ ಪರದೆಯ ಹಗ್ಗ ಹಿಡಿದೆ. ಹೆಂಡತಿಯ ಅಣ್ಣ ಅಮೆರಿಕಕ್ಕೆ ಕರೆಸಿಕೊಳ್ಳುವುದಕ್ಕೆ ಮುಂಚೆ ನನಗೆ ಗೊತ್ತಿದ್ದ ಜಗತ್ತು ಅದೊಂದೇ. ನಮ್ಮ ಕಂಪನಿಯಲ್ಲಿ ನಾಟಕ ಕಲಿಸುವವರನ್ನು ಮಾಸ್ತರು ಎನ್ನುತ್ತಿದ್ದೆವು. ಹಾಗಾಗಿ ಇವರನ್ನೂ ಮಾಸ್ತರ್ ಎಂದೇ ಕರೆದೆ. ಅಮೆರಿಕಕ್ಕೆ ಬಂದ ಮೇಲೆ ಅವರಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲವಂತೆ. ಮುಖ ಅರಳಿತು. ಪೆಟ್ಟಿಗೆಗಳನ್ನು ನನ್ನ ವ್ಯಾನಿನಲ್ಲೇ ಮುಟ್ಟಿಸುತ್ತೇನೆ ಎಂದೆ. ಜೊತೆಗೆ ತಮ್ಮನ್ನೂ ಮುಟ್ಟಿಸಬೇಕು ಎಂದು ಅವರು ತೀರ್ಮಾನಿಸಿಬಿಟ್ಟರು. ಮುಂದಿನ ಎರಡು ವರ್ಷ ಭಾನುವಾರ ಭಾನುವಾರ ತಾಲೀಮಿಗೆ ಅದೇ ನಡೆಯಿತು.

ಯಾಕೆಂದರೆ ಮಾಸ್ತರರಿಗೆ ಡ್ರೈವ್ ಮಾಡಲು ಬರುತ್ತಿರಲಿಲ್ಲ. ಶಿಕಾಗೋ ಸೀಮೆಯಲ್ಲಿ ಕಾರು ಬಾರದವನು ಕಾಲಿಲ್ಲದವನ ಲೆಕ್ಕ. ಒಮ್ಮೆ ಕಲಿಯಲು ಹೋಗಿದ್ದರಂತೆ. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದ ಮೇಲೂ ಗಾಡಿ ಎತ್ತಲಿಲ್ಲವಂತೆ. ಹಿಂದಿನವರು ಹಾರ್ನು ಬಾರಿಸಿದರೂ ಇವರು ಜಪ್ಪಯ್ಯ ಅನ್ನಲಿಲ್ಲ. ಕಲಿಸುವವನು ಯಾಕೆ ಎಂದು ಕೇಳಿದರೆ, ಆ ಹಸಿರು ಬೆಳಕು ಎದುರಿನ ಹಿಮದ ಮೇಲೆ ಬಿದ್ದದ್ದು ಚೆನ್ನಾಗಿತ್ತು, ನೋಡುತ್ತಿದ್ದೆ ಎಂದರಂತೆ. ಕಲಿಸುವವನು ಮರುದಿನ ಬರಲಿಲ್ಲ.

ಅವರ ಜೀವನಚರಿತ್ರೆಯನ್ನು ನಾನು ಕೇಳಿದ್ದು ಆ ವ್ಯಾನಿನಲ್ಲೇ, ಕಂತು ಕಂತಾಗಿ. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಮಗ ಹುಡುಗನಾಗಿದ್ದಾಗಲೇ ಊರಿನ ಥೇಟರಿನಲ್ಲಿ ದೀಪ ಹಿಡಿಯಲು ಸೇರಿ, ದೊಡ್ಡ ಊರಿಗೆ ಹೋಗಿ ವಿದ್ಯೆ ಕಲಿತು, ಮೂವತ್ತರ ಹೊತ್ತಿಗೆ ರಾಜಧಾನಿಯಲ್ಲಿ ತಮ್ಮದೇ ತಂಡ ಕಟ್ಟಿದರು. ಆಗ ಅಲ್ಲಿ ರಷ್ಯದ ಆಳ್ವಿಕೆ. ಪ್ರತಿ ನಾಟಕದ ಪ್ರತಿ ಮಾತನ್ನೂ ಓದಿ ಒಪ್ಪಿಗೆ ಕೊಡಲು ಒಬ್ಬ ಅಧಿಕಾರಿ ಇದ್ದನಂತೆ. ಮೊದಲ ನಾಟಕದಲ್ಲಿ ಆತ ಒಂದು ಪುಟ ಕತ್ತರಿಸಿದ. ಎರಡನೆಯದರಲ್ಲಿ ಮೂರು ಪುಟ. ಮೂರನೆಯ ನಾಟಕಕ್ಕೆ ಮಾಸ್ತರರು ಮಾತನ್ನೇ ಬರೆಯಲಿಲ್ಲ. ರಂಗದ ಮೇಲೆ ಒಬ್ಬ ಹೆಂಗಸು ಹಾಸಿಗೆಯ ಚಾದರ ಮಡಚುತ್ತಾಳೆ, ಒಬ್ಬ ಗಂಡಸು ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾನೆ, ಅಷ್ಟೇ. ಅಧಿಕಾರಿಗೆ ಕತ್ತರಿಸಲು ಏನೂ ಸಿಗಲಿಲ್ಲ. ಜನ ಚಳಿಯಲ್ಲಿ ಸಾಲು ನಿಂತು ಟಿಕೆಟ್ ಕೊಂಡರು. ಅಲ್ಲಿಂದ ಮುಂದೆ ಮೌನವೇ ಮಾಸ್ತರರ ವೃತ್ತಿಯಾಯಿತು. ಹಂಗೇರಿ, ಪೋಲೆಂಡ್, ಪ್ಯಾರಿಸ್ಸಿನವರೆಗೂ ಆ ಮೌನವನ್ನು ಗಂಟು ಕಟ್ಟಿಕೊಂಡು ಹೋಗಿ ಆಡಿಸಿ ಬಂದರು.

ಆಮೇಲೆ ದೇಶ ಸ್ವತಂತ್ರವಾಯಿತು. ಯಾರು ಏನು ಬೇಕಾದರೂ ಮಾತಾಡಬಹುದಾಯಿತು. ಎಲ್ಲರೂ ಮಾತಾಡತೊಡಗಿದರು. ಮಾಸ್ತರರ ಥೇಟರಿಗೆ ಬರುವವರು ಕಡಿಮೆಯಾದರು. ಹೊಸದಾಗಿ ಬಂದ ಹುಡುಗರು ಸಿಂಫೋನಿ, ಡಾನ್ಸು, ಬೈಗುಳ ಎಲ್ಲ ಸೇರಿಸಿ ಆಡಿಸಿದ ನಾಟಕಗಳಿಗೆ ಜನ ನುಗ್ಗಿದರು. ಮಾಸ್ತರರ ಹೆಂಡತಿ ತೀರಿಕೊಂಡಿದ್ದರು. ಶಿಕಾಗೋದ ಹತ್ತಿರದ ಒಂದು ಕಾಲೇಜಿನವರು ಒಂದು ಟರ್ಮು ಪಾಠ ಮಾಡಲು ಕರೆದರು, ಬಂದರು, ಟರ್ಮು ಮುಗಿಯಿತು, ಉಳಿದುಬಿಟ್ಟರು.

“ಸ್ವಾತಂತ್ರ್ಯ ನಿಮ್ಮ ಧಂದೆ ಹಾಳು ಮಾಡಿತು ನೋಡಿ, ಮಾಸ್ತರ್” ಎಂದು ನಾನು ರೇಗಿಸಿದರೆ, “ಆದರೂ ಅದು ಬರಲಿ ಎಂದು ನಾನೂ ಬೀದಿಗಿಳಿದಿದ್ದೆ” ಎಂದು ಕಿಟಕಿಯಾಚೆ ನೋಡುತ್ತಿದ್ದರು.

ಹನ್ನೆರಡು ಪೆಟ್ಟಿಗೆಗಳ ಆ ನಾಟಕ ರಂಗಕ್ಕೆ ಬರಲು ಎರಡು ವರ್ಷ ಹಿಡಿಯಿತು. ನಮ್ಮ ಕಂಪನಿಯಲ್ಲಿ ಹದಿನೈದು ದಿನಕ್ಕೆ ಒಂದು ಹೊಸ ನಾಟಕ ಎತ್ತುತ್ತಿದ್ದೆವು. ಅದನ್ನು ನಾನು ಅವರಿಗೆ ಹೇಳದೆ ಬಿಡಲಿಲ್ಲ. ಕಥೆ ಇಷ್ಟೇ: ಒಬ್ಬ ಮುದುಕ ಮನೆ ಖಾಲಿ ಮಾಡುತ್ತಿದ್ದಾನೆ. ಸಾಮಾನು ಪೆಟ್ಟಿಗೆಗೆ ತುಂಬುತ್ತಾನೆ, ತೆಗೆಯುತ್ತಾನೆ, ಮತ್ತೆ ತುಂಬುತ್ತಾನೆ. ಕೊನೆಗೆ ಒಂದು ಖಾಲಿ ಪೆಟ್ಟಿಗೆ ಉಳಿಯುತ್ತದೆ. ಅದರ ಮೇಲೆ ಕುಳಿತು ಸಾಯುತ್ತಾನೆ. ಮಾತು ಒಂದೂ ಇಲ್ಲ. ಮುದುಕನ ಪಾತ್ರ ಮಾಡಿದ್ದು ಸ್ಕೋಕಿಯ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ಒಳ್ಳೆಯ ಮನುಷ್ಯ, ಮಾಸ್ತರರು ಹತ್ತು ಸಲ ಮಾಡಿಸಿದರೂ ಹನ್ನೊಂದನೆಯ ಸಲಕ್ಕೆ ತಯಾರಿರುತ್ತಿದ್ದ. ತಾಲೀಮಿನಲ್ಲಿ ಮಾಸ್ತರರ ಬಾಯಿಂದ ಬರುತ್ತಿದ್ದದ್ದು “ಇನ್ನೊಮ್ಮೆ” ಎಂಬ ಒಂದೇ ಮಾತು.

ಎರಡು ಸಾವಿರದನೇ ಇಸವಿಯ ಬೇಸಿಗೆಯಲ್ಲಿ, ಶನಿವಾರ ಭಾನುವಾರ ಮಧ್ಯಾಹ್ನ, ನಾಟಕ ಶುರುವಾಯಿತು. ಜನ ಬರಲಿಲ್ಲ. ಬಂದವರನ್ನು ಬೆರಳಲ್ಲಿ ಎಣಿಸಿ ಮುಗಿಸಬಹುದಿತ್ತು, ಅದರಲ್ಲಿ ಒಬ್ಬ ಹೊರಗಿನ ಬಿಸಿಲು ತಾಳದೆ ಎ.ಸಿ.ಗಾಗಿ ಬಂದವನು. ಮಾಸ್ತರರ ಮಗಳು ಫೀನಿಕ್ಸ್‌ನಿಂದ ವಾರಕ್ಕೊಮ್ಮೆ ಫೋನ್ ಮಾಡಿ, ನಿನಗೆ ರೂಮು ಖಾಲಿ ಮಾಡಿಸಿದ್ದೇನೆ ಅಪ್ಪ, ಚಳಿಗಾಲದೊಳಗೆ ಬಂದುಬಿಡು ಎನ್ನುತ್ತಿದ್ದಳು. ಅಲ್ಲಿಗೆ ಹೋದರೆ ನಾಟಕ ಮುಗಿಯಿತು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಉಳಿದಿದ್ದ ಆಸೆ ಒಂದೇ. ಡೆಟ್ರಾಯಿಟ್‌ನ ಒಂದು ದೊಡ್ಡ ಥೇಟರಿನ ಯಜಮಾನ ಹಿಂದೆಂದೋ ಪ್ಯಾರಿಸ್ಸಿನಲ್ಲಿ ಇವರ ನಾಟಕ ನೋಡಿದ್ದನಂತೆ. ಕೊನೆಯ ಶನಿವಾರ ಬಂದು ನೋಡುತ್ತೇನೆ, ಹಿಡಿಸಿದರೆ ಅಕ್ಟೋಬರಿನಲ್ಲಿ ನಮ್ಮಲ್ಲಿ ಆಡಿಸುತ್ತೇನೆ, ಮುಂದೆಯೂ ಕೆಲಸ ಕೊಡುತ್ತೇನೆ ಎಂದಿದ್ದ.

“ಅವನು ಬಂದಾಗ ಹಾಲಿನಲ್ಲಿ ಏಳು ಜನ ಇದ್ದರೆ, ನಾನು ಫೀನಿಕ್ಸ್‌ಗೆ” ಎಂದರು ಮಾಸ್ತರರು.

ಹಾಲು ತುಂಬಿಸುವುದು ನನಗೆ ಬಿಡಿ ಎಂದೆ. ಪರದೆ ಎಳೆದವನಿಗೆ ಖಾಲಿ ಬೆಂಚು ನೋಡಲು ಆಗುವುದಿಲ್ಲ.

ಮನೆಯಲ್ಲಿ ಹೇಳಿದರೆ ಹೆಂಡತಿ ನಕ್ಕಳು. “ಯಾರ್ನ ಕರೀತೀರಿ? ನಿಮ್ಮ ಮಗಳು ಬರೂದಿಲ್ಲ ಅಂದಾಳ. ನಾನು ಒಂದ್ಸಲ ನೋಡೀನಿ. ಒಬ್ಬಾಂವ ಸಾಮಾನು ಕಟ್ಟೂದು ನೋಡಾಕ ಸ್ಕೋಕಿ ತನಕ ಹೋಗಬೇಕೇನು? ನೀವು ದಿನಾ ಮಾಡೂದು ಅದನ್ನ ಅಲ್ಲೇನು?”

ಅವಳು ನಗುವುದರಲ್ಲೇ ನನಗೆ ದಾರಿ ಕಂಡಿತು. ಬೇಸಿಗೆ ಅಂದರೆ ನಮ್ಮ ಕಡೆಯವರ ಅಪ್ಪ ಅಮ್ಮಂದಿರು ವಿಸಿಟರ್ ವೀಸಾದಲ್ಲಿ ಬಂದು ಕೂರುವ ಕಾಲ. ಮಗ ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಸಬ್‌ಡಿವಿಜನ್ನಿನಲ್ಲಿ ನಾಲ್ಕು ಸುತ್ತು ನಡೆದು, ಗರಾಜಿನ ಬಾಗಿಲು ತೆಗೆದು ಮುಚ್ಚಿ, ಹೊತ್ತು ಕಳೆಯುವವರು. ಇಂಗ್ಲಿಷ್ ಬಾರದೆ ಇವರಿಗೆ ಇಲ್ಲಿಯ ಸಿನಿಮಾ ಇಲ್ಲ, ಟಿ.ವಿ. ಇಲ್ಲ. ಮಾಸ್ತರರ ನಾಟಕದಲ್ಲಿ ಯಾವ ಭಾಷೆಯೂ ಇಲ್ಲ. ಜೋಡಿ ಕೂಡಿಬಂದ ಹಾಗಾಯಿತು. ವುಡ್‌ರಿಡ್ಜ್, ನೇಪರ್‌ವಿಲ್, ಸ್ಕೋಕಿ ಎಲ್ಲ ಕಡೆ ಫೋನ್ ಹೊಡೆದೆ. ನಾಟಕ ಎಂದ ಕೂಡಲೇ ಒಬ್ಬರೂ ಯಾವ ನಾಟಕ ಎಂದು ಕೇಳಲಿಲ್ಲ. ವ್ಯಾನು ಎಷ್ಟು ಗಂಟೆಗೆ ಬರುತ್ತದೆ ಎಂದಷ್ಟೇ ಕೇಳಿದರು.

ಎಲ್ಲರಿಗಿಂತ ಮೊದಲು ಹೂಂ ಎಂದವರು ವುಡ್‌ರಿಡ್ಜ್‌ನಲ್ಲಿ ಮಗನ ಮನೆಗೆ ಬಂದಿದ್ದ ರಾಣೆಬೆನ್ನೂರಿನ ಒಬ್ಬ ಅಜ್ಜಿ. ಅವರ ಕಾಲದಲ್ಲಿ ಊರಿಗೆ ಕಂಪನಿ ಬಂದರೆ ಒಂದು ಆಟವನ್ನೂ ಬಿಡುತ್ತಿರಲಿಲ್ಲವಂತೆ. ಶನಿವಾರ ನಾನು ಹೋದಾಗ ಡ್ರೈವ್‌ವೇಯಲ್ಲೇ ಇಳಕಲ್ ಸೀರೆ ಉಟ್ಟು ನಿಂತಿದ್ದರು, ಕೈಯಲ್ಲಿ ಮಂಡಕ್ಕಿ ಗಿರ್ಮಿಟ್ಟಿನ ಡಬ್ಬಿ. ಬೆಂಗಳೂರಿನ ಸೊಸೆ ಬಾಗಿಲಿಂದ, “ಅಂಕಲ್, ಬೆಳಗ್ಗೆ ಏಳಕ್ಕೇ ರೆಡಿಯಾಗಿ ಕೂತಿದಾರೆ, ಏನೂ ತಿಂದಿಲ್ಲ” ಎಂದಳು.

ವ್ಯಾನು ಮೂರು ಸಲ ಓಡಾಡಿತು. ಪ್ರತಿ ಸಲವೂ ದಾರಿಯಲ್ಲಿ ನಾನು ಎಲ್ಲರಿಗೂ ಮಾಸ್ತರರ ಕಟ್ಟಪ್ಪಣೆ ತಿಳಿಸಿದೆ. ನಾಟಕ ನಡೆಯುವಾಗ ಮಾತಿಲ್ಲ, ಡಬ್ಬಿ ತೆಗೆಯುವ ಹಾಗಿಲ್ಲ, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಇದನ್ನು ನಾನು ಸ್ಪಷ್ಟವಾಗಿ ಹೇಳಿದ್ದೇನೆ, ಬೇಕಾದರೆ ಕೇಳಿ.

“ಆಡಾವ್ರೂ ಮಾತಾಡಂಗಿಲ್ಲ, ನೋಡಾವ್ರೂ ಮಾತಾಡಂಗಿಲ್ಲ” ಎಂದರು ಅಜ್ಜಿ. “ಹಂಗಾದ್ರ ನಾವೆಲ್ಲಿಗೆ ಹೊಂಟೀವಿ ತಮ್ಮಾ, ದವಾಖಾನಿಗೇನು?”

ಹಾಲು ತುಂಬಿತು. ಸೀರೆ, ಪಂಚೆ, ಮಗ ಕೊಡಿಸಿದ ಸ್ಪೋರ್ಟ್ಸ್ ಬೂಟು, ಎಲ್ಲ ಬಣ್ಣವೂ ಇತ್ತು. ಮಾಸ್ತರರು ಹಿಂದೆ ದೀಪದ ಸ್ವಿಚ್ಚುಗಳ ಹತ್ತಿರ ನಿಂತು ನೋಡಿದರು, ಕಣ್ಣೊರೆಸಿಕೊಂಡರು ಎಂದು ನನಗನ್ನಿಸಿತು, ಧೂಳಿಗೂ ಇರಬಹುದು. ಡೆಟ್ರಾಯಿಟ್‌ನ ಯಜಮಾನ ಕೊನೆಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ. ದೀಪ ಆರಿತು.

ಮೊದಲ ಕಾಲು ಗಂಟೆ ನನ್ನ ಜನ ನನ್ನ ಮಾನ ಕಾಪಾಡಿದರು. ಪೋಸ್ಟ್‌ಮ್ಯಾನ್ ಬಟ್ಟೆ ಮಡಚಿದ, ಪಟ ಇಳಿಸಿದ, ಯಾರೂ ಉಸಿರೆತ್ತಲಿಲ್ಲ. ಆಮೇಲೆ ಅವನು ಪಾತ್ರೆ ಕಟ್ಟಲು ಶುರು ಮಾಡಿದ. ಒಂದು ಬಟ್ಟಲನ್ನು ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಒಂಟಿಯಾಗಿ ಇಟ್ಟ. ಮೂರನೇ ಸಾಲಿನಿಂದ ಅಜ್ಜಿಯ ದನಿ ಬಂತು. ತಮಗೆ ತಾವೇ ಹೇಳಿಕೊಂಡದ್ದು, ಆದರೆ ರಾಣೆಬೆನ್ನೂರಿನ ಗಂಟಲು.

“ಹಂಗಲ್ಲೋ. ದೊಡ್ಡ ಗಡಿಗ್ಯಾಗ ಇಡು.”

ಪಕ್ಕದವರು ಕಿಸಕ್ಕೆಂದರು. ಪೋಸ್ಟ್‌ಮ್ಯಾನ್ ಎರಡು ತಿಂಗಳಿಂದ ಖಾಲಿ ಕುರ್ಚಿಗಳ ಮುಂದೆ ಪಾತ್ರೆ ಕಟ್ಟಿದವನು. ದನಿ ಕೇಳಿ ತಲೆಯೆತ್ತಿದ. ಕತ್ತಲಲ್ಲಿ ಅಜ್ಜಿಯ ಕೈ ಅವನಿಗೆ ಕಂಡಿರಬೇಕು. ಬಟ್ಟಲನ್ನು ತೆಗೆದು ದೊಡ್ಡ ಪಾತ್ರೆಯೊಳಗೆ ಇಟ್ಟ. “ಹಾಂ” ಎಂದರು ಅಜ್ಜಿ. ಅಲ್ಲಿಗೆ ಕಟ್ಟೆ ಒಡೆಯಿತು. ಒಬ್ಬರು ಹಗ್ಗ ಬಿಗಿಯಾಗಿ ಕಟ್ಟು ಎಂದರು, ಇನ್ನೊಬ್ಬರು ಪಟವನ್ನು ಬಟ್ಟೆಯ ನಡುವೆ ಇಡು ಎಂದರು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಬಂತು, ಹಿಂದೆಯೇ ಹಸಿ ಈರುಳ್ಳಿಯ ವಾಸನೆ. ನಾನು ಹಿಂದೆ ತಿರುಗಿ ನೋಡಲಿಲ್ಲ. ಮಾಸ್ತರರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಕೊನೆಯ ದೃಶ್ಯ ಬಂತು. ಖಾಲಿ ಪೆಟ್ಟಿಗೆ. ಮುದುಕ ಕುಳಿತ, ತಲೆ ವಾಲಿತು, ಸತ್ತ. ಹಾಲು ನಿಶ್ಶಬ್ದವಾಯಿತು. ಮಾಸ್ತರರಿಗೆ ಬೇಕಾದ ಮೌನ ಅಂತೂ ಸಿಕ್ಕಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅಜ್ಜಿ, ತಮಗೆ ಗೊತ್ತಿದ್ದ ಎರಡೇ ಎರಡು ಇಂಗ್ಲಿಷ್ ಪದಗಳನ್ನು ಗಟ್ಟಿಯಾಗಿ ಹೇಳಿದರು:

“ಒನ್ಸ್ ಮೋರ್.”

ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಡಿಗೆ ಒನ್ಸ್ ಮೋರ್ ಬಿದ್ದರೆ ಮತ್ತೆ ಹಾಡಬೇಕು. ಯುದ್ಧಕ್ಕೆ ಬಿದ್ದರೆ ಮತ್ತೆ ಕಾದಬೇಕು. ನಮ್ಮ ಕಂಪನಿಯ ರಾಜಪಾರ್ಟಿನವರು ಒಂದೇ ಆಟದಲ್ಲಿ ಮೂರು ಸಲ ಸತ್ತದ್ದನ್ನು ನಾನು ಹಗ್ಗ ಹಿಡಿದು ನೋಡಿದ್ದೇನೆ, ಪ್ರತಿ ಸಲವೂ ಎದ್ದು, ಮೀಸೆ ಸರಿಮಾಡಿಕೊಂಡು, ಬಾಣ ಚುಚ್ಚಿಸಿಕೊಂಡು ಬೀಳುತ್ತಿದ್ದರು. ಆದರೆ ಅದು ಬಾಗಲಕೋಟೆ. ಇದು ಸ್ಕೋಕಿ. ಆ ಪದಗಳು ಇಂಗ್ಲಿಷಿನವಾದದ್ದು ಇನ್ನೂ ಕೆಡುಕಾಯಿತು, ಎಲ್ಲರಿಗೂ ಅರ್ಥವಾಗಿಬಿಟ್ಟಿತು. ಅಜ್ಜಿಯ ಹಿಂದೆ ಇಡೀ ಹಾಲು ಒನ್ಸ್ ಮೋರ್ ಎಂದಿತು. ಸತ್ತಿದ್ದ ಪೋಸ್ಟ್‌ಮ್ಯಾನ್ ಒಂದು ಕಣ್ಣು ತೆರೆದು ಹಿಂದೆ ನಿಂತ ಮಾಸ್ತರರ ಕಡೆ ನೋಡಿದ. ಮಾಸ್ತರರು ತಲೆಯಾಡಿಸಿ ಬೇಡ ಎಂದರಂತೆ. ಕತ್ತಲಲ್ಲಿ ಕಾಣಲಿಲ್ಲ ಎಂದು ಅವನು ಇವತ್ತಿಗೂ ಹೇಳುತ್ತಾನೆ. ಎದ್ದ. ಯಾರೂ ಹೇಳಿಕೊಡದೆ ಬಗ್ಗಿ ತನ್ನ ಬೂಟುಗಳನ್ನು ಬಿಚ್ಚಿದ, ಜೋಡಿಸಿ ಪಕ್ಕದಲ್ಲಿಟ್ಟ. ಖಾಲಿ ಗೋಡೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಕುಳಿತು, ನಿಧಾನವಾಗಿ, ಸತ್ತ. ಈ ಸಲ ಯಾರೂ ಏನೂ ಹೇಳಲಿಲ್ಲ.

ನಾಟಕ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಮಾಸ್ತರರು ನನ್ನನ್ನು ಲಿಥುವೇನಿಯಾದ ಭಾಷೆಯಲ್ಲಿ ಬೈದರು. ಬಹಳ ಉದ್ದಕ್ಕೆ ಬೈದರು. ನಲವತ್ತು ವರ್ಷ ಮೌನವಾಗಿದ್ದ ಮನುಷ್ಯನಲ್ಲಿ ಇಷ್ಟು ಮಾತಿತ್ತೇ ಎಂದು ನಾನು ಬೆರಗಾದೆ. ಅಷ್ಟರಲ್ಲಿ ಡೆಟ್ರಾಯಿಟ್‌ನ ಯಜಮಾನ ಬಂದು ಅವರ ಕೈ ಹಿಡಿದುಕೊಂಡ. ನಾಟಕ ನನಗೆ ಬೇಕು, ಆದರೆ ಇವತ್ತು ನೋಡಿದ ಹಾಗೆಯೇ ಬೇಕು, ಎರಡು ಸಾವುಗಳ ಸಮೇತ ಎಂದ. ಮಾಸ್ತರರು ಕೈ ಬಿಡಿಸಿಕೊಂಡರು. ನನ್ನ ನಾಟಕದಲ್ಲಿ ಒಬ್ಬನೇ ಮನುಷ್ಯ ಇದ್ದಾನೆ, ಅವನು ಒಂದೇ ಸಲ ಸಾಯುತ್ತಾನೆ ಎಂದರು. ಯಜಮಾನ ಸೋಮವಾರದ ತನಕ ಯೋಚಿಸಿ ಎಂದು ಹೇಳಿ ಹೊರಟುಹೋದ.

ಭಾನುವಾರ ನಾನು ಎಂದಿನಂತೆ ವ್ಯಾನು ತಂದೆ. ಕರೆಯಲು ಬರಬೇಡ ಎಂದು ಅವರು ಹೇಳಿರಲಿಲ್ಲ, ಹಾಗಾಗಿ ಹೋದೆ. ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ಮಾತಿಲ್ಲ. ಅವರ ಮೌನಗಳಲ್ಲಿ ಯಾವುದು ನಾಟಕದ್ದು ಯಾವುದು ಸಿಟ್ಟಿನದು ಎಂದು ನನಗೆ ಅಷ್ಟು ಹೊತ್ತಿಗೆ ತಿಳಿಯುತ್ತಿತ್ತು. ಇದು ಎರಡೂ ಅಲ್ಲ.

“ನಮ್ಮಲ್ಲಿ ಜನ ಅಲ್ಲಾಡದೆ ಕೂತು ನೋಡುತ್ತಿದ್ದರು” ಎಂದರು ಕೊನೆಗೆ. “ಇಷ್ಟಪಟ್ಟು ಸುಮ್ಮನಿದ್ದಾರೆ ಎಂದುಕೊಂಡಿದ್ದೆ. ಪಕ್ಕದ ಕುರ್ಚಿಯವನಿಗೆ ಹೆದರಿಯೂ ಸುಮ್ಮನಿದ್ದಿರಬಹುದು. ನನಗೆ ಗೊತ್ತಾಗುವುದು ಹೇಗೆ?” ಮತ್ತೆ ಸ್ವಲ್ಪ ದೂರ ಹೋದ ಮೇಲೆ, “ಆ ಮುದುಕಿ ನನ್ನನ್ನು ಗೇಲಿ ಮಾಡಿದಳೇ?”

ಛೆ, ಎಂದೆ. ಒನ್ಸ್ ಮೋರ್ ಎನ್ನುವುದು ನಮ್ಮಲ್ಲಿ ಕಂಡಕಂಡವರಿಗೆ ಸಿಗುವುದಿಲ್ಲ, ಅದು ಪ್ರೇಕ್ಷಕ ಕೊಡುವ ಕಿರೀಟ, ನಮ್ಮ ರಾಜಪಾರ್ಟಿನವರು ಅದಕ್ಕಾಗಿ ಊಟ ಬಿಟ್ಟು ತಾಲೀಮು ಮಾಡುತ್ತಿದ್ದರು ಎಂದು ಒಂದಕ್ಕೆ ಎರಡು ಸೇರಿಸಿ ಹೇಳಿದೆ. ಹಾಗಾದರೆ ಅವಳ ಬಾಯಿಂದಲೇ ಕೇಳೋಣ ಎಂದರು. ಮಧ್ಯಾಹ್ನದ ಆಟಕ್ಕೆ ಇನ್ನೂ ಹೊತ್ತಿತ್ತು, ನಾನು ಮುಂದಿನ ಎಕ್ಸಿಟ್ ಹಿಡಿದು ವುಡ್‌ರಿಡ್ಜ್ ಕಡೆ ತಿರುಗಿಸಿದೆ.

ಅಜ್ಜಿ ಅವರನ್ನು ಡೈನಿಂಗ್ ಟೇಬಲ್ಲಿಗೆ ಕೂರಿಸಿ ಚಹಾ ಕೊಟ್ಟರು. ಮೊದಲು ವಿಚಾರಣೆ ನಡೆಯಿತು. ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿದರು. ಮಗಳಿದ್ದಾಳೆ, ರೂಮು ಕೊಟ್ಟು ಕರೆಯುತ್ತಿದ್ದಾಳೆ, ಇವರಿಗೆ ಹೋಗಿ ಕೂರಲು ಮನಸ್ಸಿಲ್ಲ ಎಂದೆ.

“ನನಗೂ ಇಲ್ಲ” ಎಂದರು ಅಜ್ಜಿ. “ನನ್ನ ಕೇಳಾವ್ರ್ಯಾರು.”

ಆಮೇಲೆ ನಾನು ಮಾಸ್ತರರ ಪ್ರಶ್ನೆ ಕೇಳಿದೆ, ಯಾಕೆ ಒನ್ಸ್ ಮೋರ್ ಅಂದಿರಿ ಎಂದು. ಕಿರೀಟದ ಉತ್ತರ ಬರುತ್ತದೆ ಎಂದು ಕಾದಿದ್ದೆ.

“ಮತ್ತೇನು? ಮೊದ್ಲನೇ ಸಲ ಗಡಿಬಿಡ್ಯಾಗ ಸತ್ತ. ಇದ್ದ ಮನಿ ಖಾಲಿ ಮಾಡಾಂವ ಒಂದ್ಸಲ ಸುತ್ತ ನೋಡೂದಿಲ್ಲೇನು? ಬೂಟು ಹಾಕ್ಕೊಂಡ ಸತ್ತ, ಬಸ್ಸಿಗೆ ಹೊಂಟಾವ್ರಂಗ. ಸರಿಯಾಗಿ ಸಾಯಲಿ ಅಂತ ಅಂದೆ.”

ಈಗಷ್ಟೇ ವ್ಯಾನಿನಲ್ಲಿ ಕಿರೀಟ ತೊಡಿಸಿದವನು ನಾನು. ಇದನ್ನು ಹೇಗೆ ಹೇಳಲಿ? ಅಜ್ಜಿಗೆ ಬಹಳ ಹಿಡಿಸಿತಂತೆ, ಇನ್ನೊಮ್ಮೆ ನೋಡುವ ಆಸೆಯಾಯಿತಂತೆ ಎಂದೆ. ಮಾಸ್ತರರು ನನ್ನನ್ನು ದಿಟ್ಟಿಸಿ, ಅವರು ಇದಕ್ಕಿಂತ ಉದ್ದ ಹೇಳಿದರು ಎಂದರು. ಗ್ಯಾಸಿನ ಮುಂದೆ ನಿಂತಿದ್ದ ಸೊಸೆ ಚೊಕ್ಕ ಇಂಗ್ಲಿಷಿನಲ್ಲಿ ಬೂಟು, ಬಸ್ಸು, ಗಡಿಬಿಡಿ ಒಂದನ್ನೂ ಬಿಡದೆ ಅನುವಾದ ಮಾಡಿಬಿಟ್ಟಳು. ಓದಿದವರ ಹಣೆಬರಹವೇ ಇಷ್ಟು.

ಮಾಸ್ತರರ ಮುಖ ಕೆಂಪಾಯಿತು. ಆ ಸಾವನ್ನು ಒಂದು ತಿಂಗಳು ತಾಲೀಮು ಮಾಡಿಸಿದ್ದೇನೆ ಎಂದರು.

“ಅದಕ್ಕ” ಎಂದರು ಅಜ್ಜಿ. “ರೂಢಿ ಬಿದ್ದೈತಿ ಅವಗ.”

ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು. ಒಂದು ಕ್ಷಣ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮತ್ತೇನು ತಪ್ಪಿದೆ ಎಂದು ಕೇಳಿದರು. ಅಜ್ಜಿ ಅಂಥ ಪ್ರಶ್ನೆಗೆ ಕಾದವರ ಹಾಗೆ ಶುರು ಮಾಡಿದರು. ಮುದುಕನಿಗೆ ಒಬ್ಬ ಆಳು, ಆಳಿಗೆ ಒಬ್ಬ ಬಜಾರಿ ಹೆಂಡತಿ, ನಗಿಸಲು ಇಬ್ಬರು ಬೇಕೇ ಬೇಕು. ಪೆಟ್ಟಿಗೆ ಕಟ್ಟುವಾಗ ಒಂದು ಹಾಡು. ಹೋದ ಹೆಂಡತಿ ಕನಸಿನಲ್ಲಿ ಬರಬೇಕು, ಹಸಿರು ದೀಪ ಬಿಟ್ಟರೆ ಚೆನ್ನ. ಮಾಸ್ತರರು ಆಳು ಬೇಡ ಎಂದರು, ಹಾಡು ಬೇಡ ಎಂದರು, ಕನಸಿಗೆ ಕೈಯನ್ನೇ ಮುಗಿದರು. ಅಜ್ಜಿ ಬಿಡಲಿಲ್ಲ. ಅವರೂ ಬಿಡಲಿಲ್ಲ. ಸೊಸೆ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಅನುವಾದಿಸಿ ಸುಸ್ತಾದಳು. ಇಬ್ಬರೂ ಅಷ್ಟು ಖುಷಿಯಾಗಿದ್ದದ್ದನ್ನು ಆ ಬೇಸಿಗೆಯಲ್ಲಿ ನಾನು ಬೇರೆಲ್ಲೂ ನೋಡಲಿಲ್ಲ.

ಸೋಮವಾರ ಮಾಸ್ತರರು ಡೆಟ್ರಾಯಿಟ್‌ಗೆ ಫೋನ್ ಮಾಡಿದ್ದು ನನ್ನ ಅಂಗಡಿಯಿಂದ, ವಿಮಾನಗಳ ಸದ್ದಿನ ನಡುವೆ ಕೂಗಿ ಕೂಗಿ. ಸಾವು ಒಂದೇ, ಆದರೆ ಅದು ಎರಡನೆಯದು, ಬೂಟು ಬಿಚ್ಚಿದ್ದು. ಯಾರಾದರೂ ಇನ್ನೊಮ್ಮೆ ಎಂದು ಕೇಳಿದರೆ ಆಡುತ್ತೇವೆ. ಕೇಳದಿದ್ದರೆ ಇಲ್ಲ. ಇಷ್ಟು ಹೇಳಿ ನಿಲ್ಲಿಸಿದರು. ಆ ಕಡೆ ಯಜಮಾನ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಮೌನವನ್ನೇ ಮಾರಿ ಬದುಕಿದ ಮಾಸ್ತರರು ಆ ಒಂದು ಮೌನವನ್ನು ತಾಳಲಾರದೆ ಫೋನಿನ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಮಾಡಿಕೊಂಡರು. ಆಮೇಲೆ ವೈರು ಸಡಿಲವಾಯಿತು. ಪೆಟ್ಟಿಗೆಗಳನ್ನು ಯಾವಾಗ ಕಳಿಸಬೇಕು ಎಂದು ಕೇಳಿದರು, ಅದರಿಂದ ನನಗೆ ತಿಳಿಯಿತು.

ಅಕ್ಟೋಬರಿನಲ್ಲಿ ನಾನೇ ಬಾಡಿಗೆ ಟ್ರಕ್ಕಿನಲ್ಲಿ ಹನ್ನೆರಡು ಪೆಟ್ಟಿಗೆ, ಒಬ್ಬ ಪೋಸ್ಟ್‌ಮ್ಯಾನ್, ಒಬ್ಬ ಮಾಸ್ತರರನ್ನು ಹೇರಿಕೊಂಡು ಡೆಟ್ರಾಯಿಟ್‌ಗೆ ಹೋದೆ. ಅಜ್ಜಿ ಆಗಲೇ ರಾಣೆಬೆನ್ನೂರಿಗೆ ವಾಪಸಾಗಿದ್ದರು. ಮೊದಲ ಆಟ ಮಧ್ಯಾಹ್ನದ್ದು. ಕೆಂಪು ಕುರ್ಚಿಗಳ ದೊಡ್ಡ ಹಾಲು, ಮುಕ್ಕಾಲು ತುಂಬಿತ್ತು. ಮುದುಕ ಪಾತ್ರೆ ಕಟ್ಟಿದ, ಬಟ್ಟಲನ್ನು ದೊಡ್ಡ ಪಾತ್ರೆಯೊಳಗೇ ಇಟ್ಟ. ಬೂಟು ಬಿಚ್ಚಿದ. ಗೋಡೆ ನೋಡಿದ. ಸತ್ತ. ಪಕ್ಕದಲ್ಲಿ ಕುಳಿತಿದ್ದ ಮಾಸ್ತರರು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು. ಯಾರೂ ಕೇಳಲಿಲ್ಲ. ಹಾಗೇ ಸ್ವಲ್ಪ ಹೊತ್ತು. ಆಮೇಲೆ ಚಪ್ಪಾಳೆ ಬಿತ್ತು, ಜನ ಎದ್ದು ನಿಂತರು. ಮಾಸ್ತರರು ಏಳಲಿಲ್ಲ. ಚೆನ್ನಾಗಿತ್ತೇ ಎಂದು ನನ್ನನ್ನು ಕೇಳಿದರು. ಚೆನ್ನಾಗಿತ್ತು ಎಂದೆ. ನೀನು ಪರದೆಯವನು, ಹಾಗೇ ಹೇಳುತ್ತೀಯ ಎಂದರು.

ಮರುದಿನ ಬೆಳಗ್ಗೆ ತಿಂಡಿಗೆ ಕುಳಿತಾಗ, ಅಜ್ಜಿಯ ಊರಿಗೆ ಫೋನ್ ಮಾಡು ಎಂದರು. ಕಾಲಿಂಗ್ ಕಾರ್ಡು ಉಜ್ಜಿ ನಂಬರು ಒತ್ತಿದೆ. ಅಲ್ಲಿ ಸಂಜೆ. ಅಜ್ಜಿ ಕ್ಷೇಮಸಮಾಚಾರ ಕೇಳಲಿಲ್ಲ.

“ಹೆಂಗ ಸತ್ತ?” ಎಂದರು.

“ಬೂಟು ಬಿಚ್ಚಿಟ್ಟು, ಎಲ್ಲಾ ಕಡೆ ನೋಡಿ, ನಿಧಾನಕ್ಕ ಸತ್ತಾನ್ರಿ.”

“ಯಾರೂ ಒನ್ಸ್ ಮೋರ್ ಅನ್ನಲಿಲ್ಲೇನು?”

“ಇಲ್ರಿ ಅಜ್ಜಿ.”

“ಹಂಗಾದ್ರ ಸರಿಯಾಗೇ ಸತ್ತಾನ ಬಿಡು. ಹಾಡು ಒಂದು ಇದ್ದಿದ್ರ ಚಲೋ ಇತ್ತು ಅಂತ ಹೇಳು.”

ಈ ಸಲ ನಾನು ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಮಾಸ್ತರರು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದರು. ಹಾಡಿನ ಮಾತು ಬಂದಾಗ ಗಟ್ಟಿಯಾಗಿ ನಕ್ಕರು, ಪಕ್ಕದ ಟೇಬಲ್ಲಿನವರು ತಿರುಗಿ ನೋಡುವಷ್ಟು. ಆಮೇಲೆ ಯಜಮಾನ ಇನ್ನೊಂದು ನಾಟಕ ಕೇಳಿದ್ದಾನೆ, ಮಗಳಿಗೆ ಫೋನ್ ಮಾಡಿ ಆ ರೂಮು ಬೇರೆ ಯಾರಿಗಾದರೂ ಕೊಡು ಎಂದು ಹೇಳಿದ್ದೇನೆ ಎಂದು ತಿಳಿಸಿದರು. ಹೊಸ ನಾಟಕಕ್ಕೆ ಏಣಿಗಳು ಬೇಕಂತೆ. ಮುರುಕು ಏಣಿಗಳು, ಮೆಟ್ಟಿಲು ಕಿತ್ತುಹೋದವು. ಮುರುಕು ಏಣಿ ಮಾಡಿಕೊಡುವವನು ನಾನಲ್ಲ, ನನ್ನ ಕೈಯಿಂದ ಹೊರಟ ಏಣಿ ನೆಟ್ಟಗೆ ನಿಲ್ಲಬೇಕು ಎಂದೆ. ನಿಂತರೆ ನಾಟಕ ಬೀಳುತ್ತದೆ ಎಂದರು. ಮೊಟ್ಟೆ ತಣ್ಣಗಾಗುವವರೆಗೂ ಅದೇ ಜಗಳ.